ಧೂಳು ತೆಗೆಯುವ ಗುಳಿಗೆ

ಗುಳಿಗೆ ನುಂಗುವಾಗ ಅವಳು ಎಡಗಣ್ಣು ಮಾತ್ರ ಮುಚ್ಚುತ್ತಿದ್ದಳು. ಬಲಗಣ್ಣು ಬಾಣಲೆಯ ಮೇಲೇ ಇರುತ್ತಿತ್ತು. ಎಣ್ಣೆಗೆ ಬಿಟ್ಟ ಮೆಣಸಿನಕಾಯಿ ಯಾರ ಕಾಯಿಲೆಗೂ ಕಾಯುವುದಿಲ್ಲ. ಒಂದು ಗುಟುಕು ನೀರು, ಗಂಟಲಲ್ಲಿ ಒಂದು ಏರಿಳಿತ, ಮುಗಿಯಿತು. ನಾನು ಕೈಯಲ್ಲಿ ಮಿರ್ಚಿ ಹಿಡಿದುಕೊಂಡು ಅದನ್ನು ನೋಡಿ ತಲೆಯಾಡಿಸುತ್ತಿದ್ದೆ. ಪಕ್ಕದಲ್ಲಿ ನಿಂತು ತಿನ್ನುತ್ತಿದ್ದವರಿಗೆ ನಾನು ರುಚಿಗೆ ತಲೆಯಾಡಿಸಿದಂತೆ ಕಾಣುತ್ತಿತ್ತು. ಯಾರಾದರೂ "ಏನ್ ಗುಳಿಗಿ ಅದು?" ಎಂದು ಕೇಳಿದರೆ ಅವಳ ಉತ್ತರ ಸಿದ್ಧವಿತ್ತು: "ತಲಿಶೂಲಿಗಿ. ನಿಮ್ಮಂಥೋರ ಮಾತು ಕೇಳಿ ಕೇಳಿ ಬಂದೈತಿ."

ಆಗ ನಾನು ಬಳ್ಳಾರಿಯಲ್ಲಿ ವೈದ್ಯಕೀಯ ಓದಿನ ಕೊನೆಯ ವರ್ಷದ ತರಬೇತಿಯಲ್ಲಿದ್ದೆ. ಗಣಿಯ ಅದಿರಿನ ಧೂಳಿಗೆ ಊರೆಲ್ಲ ಕೆಂಪಾಗಿದ್ದ ಕಾಲ. ಮೊನ್ನೆ ಸೈಕಲ್ ತುಳಿಯುತ್ತಿದ್ದವರು ಇವತ್ತು ಎರಡು ಲಾರಿಯ ಮಾಲೀಕರಾಗಿರುತ್ತಿದ್ದರು. ಗಾಂಧಿನಗರದ ನಮ್ಮ ಮನೆಯಲ್ಲಿ ಅಮ್ಮ ತುಳಸಿಗೆ ನೀರು ಹಾಕುವ ಮೊದಲು ಎಲೆಗಳನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದರು. ದೊಡ್ಡ ರಸ್ತೆ ತುಂಬಿಹೋದಾಗ ಅದಿರಿನ ಲಾರಿಗಳು ಸಿಕ್ಕ ಸಣ್ಣ ದಾರಿಗಳಿಗೆಲ್ಲ ನುಗ್ಗುತ್ತಿದ್ದವು. ಎಲ್ಲರೂ ಕೆಮ್ಮುತ್ತಿದ್ದರು, ಎಲ್ಲರ ಕೆಮ್ಮಿಗೂ ಧೂಳಿನ ಕೆಮ್ಮು ಎಂದೇ ಹೆಸರು. ಅದರ ಮರೆಯಲ್ಲಿ ಬೇರೆ ಯಾವ ಕೆಮ್ಮು ಬಂದು ಕೂತರೂ ಗೊತ್ತಾಗುತ್ತಿರಲಿಲ್ಲ.

ಚರ್ಮರೋಗದ ವೈದ್ಯೆಯಾಗಬೇಕೆಂದು ನಾನು ನಿರ್ಧರಿಸಿಯಾಗಿತ್ತು. ಕಾರಣ ಸೇವೆಯೂ ಅಲ್ಲ, ವಿಜ್ಞಾನವೂ ಅಲ್ಲ. ಬಾಗಿಲು ಮುಂದೆ ಮಾಡಿಕೊಂಡು ಒಬ್ಬೊಬ್ಬರನ್ನೇ ನೋಡಬಹುದು. ರೋಗಿ ತೋಳು ಚಾಚುತ್ತಾನೆ, ಕಾಯಿಲೆ ಕಣ್ಣಿಗೇ ಕಾಣುತ್ತದೆ, ಹೆಚ್ಚು ಮಾತು ಬೇಕಿಲ್ಲ. ನಾಲ್ಕು ಜನ ಸೇರಿ ಮಾಡುವ ಕೆಲಸ ಎಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಗುಂಪು ಫೋಟೋದಲ್ಲಿ ಸಹ ಕೊನೆಯ ಸಾಲಿನ ತುದಿಯವಳು ನಾನು.

ತರಬೇತಿಯ ಗ್ರಾಮೀಣ ಪಾಳಿಯಲ್ಲಿ ಮೊದಲು ಸಿರುಗುಪ್ಪ, ಆಮೇಲೆ ಕುರುಗೋಡು. ಸಿರುಗುಪ್ಪದ ಆಸ್ಪತ್ರೆಯಲ್ಲಿ ಕ್ಷಯದ ಗುಳಿಗೆ ಕೊಡುವ ಕೋಣೆಯ ಹೊರಗೆ ಸೆರಗನ್ನು ಮೂಗಿನ ತನಕ ಎಳೆದುಕೊಂಡು ಒಬ್ಬ ಹೆಂಗಸು ಕೂರುತ್ತಿದ್ದಳು. ಮುಂಗೈ ತುಂಬ ಎಣ್ಣೆ ಸಿಡಿದ ಚುಕ್ಕೆಗಳು. ಚರ್ಮದ ಮೇಲಿನ ಆಸಕ್ತಿಯಿಂದ ನಾನು ಅವನ್ನೇ ಮೊದಲು ನೋಡಿದ್ದು. ಯಾವ ಊರು ಎಂದರೆ "ಇಲ್ಲೇ, ಈ ಕಡೇದು" ಎನ್ನುತ್ತಿದ್ದಳು. ಗುಳಿಗೆ ಕೊಡುವವರು "ಉಚ್ಚಿ ಕೆಂಪಗ ಹೊಕ್ಕತಿ, ಹೆದರಬ್ಯಾಡ" ಎಂದಷ್ಟೇ ಹೇಳಿ ಮುಂದಿನವರನ್ನು ಕರೆಯುತ್ತಿದ್ದರು. ಯಾಕೆ ಕೆಂಪು ಎಂದು ಅವಳು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಕುರುಗೋಡಿಗೆ ಬಂದ ಮೊದಲ ದಿನವೇ ಅಲ್ಲಿನ ಸಿಸ್ಟರ್ ಮತ್ತು ಲ್ಯಾಬ್ ಭಾಯಿ ನನ್ನನ್ನು ಬಸ್ ನಿಲ್ದಾಣದ ಹತ್ತಿರದ ಮಿರ್ಚಿ ಬಂಡಿಗೆ ಕರೆದೊಯ್ದರು. ಸಿಸ್ಟರ್ ತೆಕ್ಕಲಕೋಟೆಯವರು, ಅವರು ಬಾಯಿ ತೆರೆದರೆ ಆಸ್ಪತ್ರೆಯ ಹಿಂದಿನ ಬೇವಿನ ಮರದ ಕಾಗೆಗಳು ಸುಮ್ಮನಾಗುತ್ತಿದ್ದವು. ಲ್ಯಾಬ್ ಭಾಯಿ ಬಳ್ಳಾರಿಯಿಂದ ನಾನು ಬರುವ ಬಸ್ಸಿನಲ್ಲೇ ಬರುತ್ತಿದ್ದ ಹುಡುಗ. ಕಫ ಪರೀಕ್ಷೆ ಅವನದು. ಬಂಡಿಯ ಹಿಂದೆ ನಿಂತಿದ್ದವಳು, ಊರೆಲ್ಲ ಮಿರ್ಚಿಯಕ್ಕ ಎಂದು ಕರೆಯುತ್ತಿದ್ದವಳು, ತಲೆ ಎತ್ತಿ ನನ್ನನ್ನು ನೋಡಿದಳು. ಹಿಟ್ಟಿನಲ್ಲಿ ಅದ್ದಿದ ಕೈ ಅಲ್ಲೇ ನಿಂತಿತು. ಮುಂಗೈಯ ಚುಕ್ಕೆಗಳಿಂದಲೇ ನನಗೂ ಗುರುತು ಸಿಕ್ಕಿತ್ತು. ನಾನು ಯಾವತ್ತೂ ನೋಡಿಲ್ಲದವಳಂತೆ "ಮಂಡಕ್ಕಿ ಒಗ್ಗರಣಿ ಒಂದು, ಮಿರ್ಚಿ ಎರಡು" ಎಂದೆ. ಕೈ ಮತ್ತೆ ಓಡಾಡಿತು.

ಮರುದಿನ ಅವಳು ಆಸ್ಪತ್ರೆಯ ಹಿಂಬಾಗಿಲಿನಿಂದ ಒಳಗೆ ಬಂದಳು. ಕೆಮ್ಮು ಜೋರಾದಾಗ ಊರಿನಲ್ಲಿ ಯಾರಿಗೂ ಸುಳಿವು ಸಿಗದಿರಲೆಂದು ಸಿರುಗುಪ್ಪದ ಅಕ್ಕನ ಮನೆಗೆ ಹೋಗಿ ಅಲ್ಲೇ ತೋರಿಸಿಕೊಂಡಿದ್ದಳು. ಕಫ ಶುದ್ಧವಾಗಿದೆ ಎಂದ ಮೇಲೆಯೇ ಬಂಡಿಗೆ ಮರಳಿದ್ದಳು. ಅವಳಿಂದ ಯಾರಿಗೂ ಅಂಟುವ ಭಯ ಈಗ ಇರಲಿಲ್ಲ. ಮಿರ್ಚಿಯಿಂದಂತೂ ಯಾವತ್ತೂ ಇರಲಿಲ್ಲ. ಆದರೆ ಅದನ್ನು ಓಣಿಗೆ ತಿಳಿಸಿ ಹೇಳಬೇಕೆಂದರೆ ಮೊದಲು ಕಾಯಿಲೆಯ ಹೆಸರು ಹೇಳಬೇಕು. ಉಳಿದ ಗುಳಿಗೆಗಳ ಡಬ್ಬಿ ಸಿರುಗುಪ್ಪದಿಂದ ನಮ್ಮಲ್ಲಿಗೆ ವರ್ಗವಾಗಿ ಬಂದಿತ್ತು. ನಡುವೆ ಬಿಟ್ಟರೆ ಕಾಯಿಲೆ ಮರಳುತ್ತದೆ, ಎರಡನೆಯ ಸಲ ಇದೇ ಗುಳಿಗೆಗೆ ಬಗ್ಗುವುದೂ ಇಲ್ಲ. ಅದಕ್ಕೇ ನಮ್ಮ ಕಣ್ಣೆದುರಿಗೆ ನುಂಗಿಸಬೇಕಿತ್ತು. ಪ್ರತಿ ಸಲವೂ ಎದುರಿಗೇ ಆಗಬೇಕೆಂದು ಆ ಹಂತದಲ್ಲಿ ನಿಯಮ ಕೇಳುತ್ತಿರಲಿಲ್ಲ, ಸಿಸ್ಟರ್ ಕೇಳುತ್ತಿದ್ದರು.

"ನೋಡ್ರಿ ಸಿಸ್ಟರಮ್ಮ, ದಿನ ಬಿಟ್ಟು ದಿನ ನಾ ಈ ಕಟ್ಟಿ ಹತ್ತಿದ್ರ ಬಸ್‌ಸ್ಟ್ಯಾಂಡಿನ ಮಂದಿ ಎಣಿಸಾಕ ಕುಂದರತಾರ," ಎಂದಳು ಮಿರ್ಚಿಯಕ್ಕ. "ಸುದ್ದಿ ಹೊರಗ ಬಿದ್ರ ನನ್ನ ಬಂಡಿ ಮುಂದ ನಾಯಿನೂ ನಿಂದರಂಗಿಲ್ಲ. ಗಂಡಿಲ್ಲ, ಹೊಲಿಲ್ಲ, ನನಗಿರಾದು ಆ ಬಂಡಿ ಒಂದ."

"ಹಂಗಾರ ಮನಿಗಿ ಬರಲ್ಯಾ?" ಎಂದರು ಸಿಸ್ಟರ್.

"ನಿಮ್ಮ ಬಿಳಿ ಸೀರಿ ನಮ್ಮ ಓಣ್ಯಾಗ ಕಾಲಿಟ್ರ ಮುಗೀತು."

"ಪಾರಿವಾಳದ ಕಾಲಿಗಿ ಕಟ್ಟಿ ಕಳಸ್ಲೇನು ಮತ್ತ?"

ಮಿರ್ಚಿಯಕ್ಕ ಗದ್ದದಿಂದ ನನ್ನ ಕಡೆ ತೋರಿಸಿದಳು. "ಈ ಹುಡುಗಿ ಸಂಜಿಮುಂದ ಮಿರ್ಚಿ ತಿನ್ನಾಕ ಬರ್ಲಿ. ಆಕಿ ಎದುರಿಗಿ ನುಂಗತೀನಿ. ಈಕಿ ಬಾಯಿ ತಿನ್ನಾಕಷ್ಟ ಬಿಡತಾಳ, ನಿನ್ನೆ ನೋಡೀನಿ."

ಜೀವನದಲ್ಲಿ ನನ್ನ ಮೌನಕ್ಕೆ ಸಿಕ್ಕ ಮೊದಲ ಪ್ರಶಸ್ತಿ ಅದು.

ಹೀಗೆ ನಮ್ಮ ಮಿರ್ಚಿ ಪಾಳಿ ಶುರುವಾಯಿತು. ಮೂವರೂ ಹೋಗಬೇಕು, ಏಕೆಂದರೆ ಒಬ್ಬಳೇ ಡಾಕ್ಟರಮ್ಮ ದಿನ ಬಿಟ್ಟು ದಿನ ಬಂಡಿಯ ಮುಂದೆ ನಿಂತರೆ ಅನುಮಾನ ಬರುತ್ತದೆ. ಮೂವರು ನಿಂತರೆ ಬರೀ ಹೊಟ್ಟೆಬಾಕರು ಎಂದಾಗುತ್ತದೆ. ಸಿಸ್ಟರ್ ಗಟ್ಟಿಯಾಗಿ ಮಾತಾಡಿ ಎಲ್ಲರ ಗಮನ ತಮ್ಮ ಕಡೆ ಎಳೆದುಕೊಳ್ಳುತ್ತಿದ್ದರು, ಭಾಯಿ ಗಿರಾಕಿಗಳಿಗೂ ಬಾಣಲೆಗೂ ನಡುವೆ ಅಡ್ಡ ನಿಲ್ಲುತ್ತಿದ್ದ, ನಾನು ನೋಡುತ್ತಿದ್ದೆ. ಅಷ್ಟರಲ್ಲಿ ರಂಜಾನ್ ತಿಂಗಳು ಬಂತು. ಭಾಯಿ ಒಣ ತುಟಿಯಲ್ಲಿ ಅಡ್ಡ ನಿಂತುಕೊಂಡೇ ಇರುತ್ತಿದ್ದ. ಅವನ ಪಾಲಿನ ಮಿರ್ಚಿಯೂ ನನ್ನ ಪೊಟ್ಟಣಕ್ಕೆ ಬೀಳುತ್ತಿತ್ತು.

"ತಿನ್ರಿ ಡಾಕ್ಟ್ರೇ, ದೇಶಸೇವಾ," ಎನ್ನುತ್ತಿದ್ದ.

ನಾನು ಮೊದಲ ಬಾರಿಗೆ ನನಗೆ ನಾನೇ ಔಷಧಿ ಬರೆದುಕೊಂಡೆ, ಎದೆ ಉರಿಗೆ.

ಮಿರ್ಚಿಯಕ್ಕ ಗುಳಿಗೆಯನ್ನು ಇಷ್ಟು ಸಲೀಸಾಗಿ ಯಾಕೆ ನುಂಗುತ್ತಾಳೆ ಎಂದು ನನಗೆ ಆಶ್ಚರ್ಯವಾಗುತ್ತಿತ್ತು. ಒಂದು ಸಂಜೆ ಗಿರಾಕಿಗಳಿಲ್ಲದಾಗ ಅವಳೇ ಬಾಗಿ ಪಿಸುಗುಟ್ಟಿದಳು.

"ಯವ್ವಾ, ಭಾರಿ ಗುಳಿಗಿ ಇದು. ಅದಿರು ಹೊಂಟೈತಿ."

"ಯಾವ ಅದಿರು?"

"ಎಷ್ಟು ವರ್ಷ ಈ ರೋಡ್ ಮ್ಯಾಲ ನಿಂತು ಲಾರಿ ಧೂಳು ನುಂಗೀನಿ ಹೇಳು. ಎಲ್ಲಾ ಈಗ ಕೆಂಪಗ ಹೊರಗ ಬರಾಕತ್ತೈತಿ. ನುಂಗಿದ ದಿನ ನೋಡ್ಬೇಕು, ಕಾವಿ ಕದಡಿದಂಗ!"

ನಾನು ಕ್ರಮವಾಗಿ ವಿವರಿಸಿದೆ. ಕೆಂಪು ಧೂಳಿನದಲ್ಲ, ಗುಳಿಗೆಯದೇ ಬಣ್ಣ. ಕ್ಯಾಪ್ಸೂಲಿನ ಔಷಧಿ ಮೂತ್ರದಲ್ಲಿ ಬಂದಾಗ ಹಾಗೆ ಕಾಣುತ್ತದೆ. ಶ್ವಾಸಕೋಶದ ಧೂಳಿಗೂ ಮೂತ್ರಕ್ಕೂ ದಾರಿಯೇ ಇಲ್ಲ. ಅವಳು ಪೂರ್ತಿ ಕೇಳಿಸಿಕೊಂಡಳು. ಮಗುವಿನ ಪದ್ಯ ಕೇಳಿದವರ ಹಾಗೆ ನಕ್ಕಳು.

"ನೀ ಓದೀಯವ್ವ, ಇಲ್ಲ ಅನ್ನಂಗಿಲ್ಲ. ಧೂಳು ನುಂಗಿದಾಕಿ ನಾನು."

ತೊಂದರೆಯೆಂದರೆ, ಈ ಶೋಧವನ್ನು ಅವಳು ತನ್ನಲ್ಲೇ ಇಟ್ಟುಕೊಳ್ಳಲಿಲ್ಲ. ಕಾಯಿಲೆಯ ಹೆಸರು ಬಾಯಿ ಬಿಡದೆ, ಆಸ್ಪತ್ರೆಯಲ್ಲಿ ಧೂಳು ತೆಗೆಯುವ ಗುಳಿಗೆ ಬಂದಿದೆ ಎಂದು ಮಾತ್ರ ನಾಲ್ಕು ಜನರ ಕಿವಿಗೆ ಹಾಕಿದಳು. ವಾರ ಕಳೆಯುವುದರೊಳಗೆ ಆಸ್ಪತ್ರೆಯ ಕಟ್ಟೆಯ ಮೇಲೆ ಸಾಲು ನಿಂತಿತು. ಲಾರಿ ಚಾಲಕರು, ಕ್ಲೀನರ್‌ಗಳು, ಟೀ ಅಂಗಡಿಯವನು, ಟೈರ್ ಪಂಕ್ಚರ್ ಹಾಕುವವನು, ರಸ್ತೆ ಪಕ್ಕದ ಮನೆಗಳ ಮುದುಕಿಯರು. "ಅದಿರಿನ ಗುಳಿಗಿ ಕೊಡ್ರಿ" ಎಂಬುದೊಂದೇ ಬೇಡಿಕೆ. ಒಬ್ಬ ಚಾಲಕ ಮುಂಗಡವಾಗಿ ಕೇಳಿದ: ಎರಡು ತಿಂಗಳ ಬಾಡಿಗೆ ಒಪ್ಪಿಕೊಂಡಿದ್ದಾನೆ, ನುಂಗಲಿರುವ ಧೂಳಿಗೆ ಈಗಲೇ ಕೊಟ್ಟರೆ ಆದೀತೇ?

ಕೆಮ್ಮುವವರು ತಾವಾಗಿ ಆಸ್ಪತ್ರೆಗೆ ಬಂದು ನಿಂತದ್ದು ಸಿಸ್ಟರ್ ತಮ್ಮ ನೌಕರಿಯಲ್ಲೇ ನೋಡಿರಲಿಲ್ಲ. ಮನೆ ಮನೆಗೆ ಹೋಗಿ ಕಫ ಕೊಡಿ ಎಂದು ಗೋಗರೆದರೂ ಬಾಗಿಲು ಹಾಕಿಕೊಳ್ಳುತ್ತಿದ್ದ ಜನ ಇವರು. ಸಿಸ್ಟರ್ ಕಣ್ಣು ಹೊಳೆಯಿತು.

"ಮದ್ಲ ಕಫ ಕೊಡ್ರಿ, ಎಷ್ಟು ಧೂಳೈತಿ ನೋಡಿ ಗುಳಿಗಿ ಕೊಡತೀವಿ ಅಂತ ಹೇಳಿಬಿಡ್ಲ್ಯಾ?"

"ಸುಳ್ಳಾಗ್ತದ ಸಿಸ್ಟರ್."

"ಆಗ್ಲಿ ಬಿಡ್ರಿ, ಪುಣ್ಯದ ಸುಳ್ಳು."

ಬೇಡವೆಂದೆ. ಒಳಗೆ ಹೋಗಿ ಕೂತು ಒಂದು ವಾಕ್ಯ ಕಟ್ಟಿಕೊಂಡು ಹೊರಗೆ ಬಂದೆ. "ಎರಡು ವಾರದ ಮ್ಯಾಲ ಕೆಮ್ಮಿದ್ರ ಕಫ ಕೊಡ್ರಿ, ಅದರಾಗ ಏನೈತಿ ನೋಡಿ, ಗುಳಿಗಿ ಬೇಕೋ ಬ್ಯಾಡೋ ಹೇಳತೀವಿ." ಅದರಲ್ಲಿ ಒಂದೇ ಒಂದು ಸುಳ್ಳು ಪದವಿರಲಿಲ್ಲ. ಕೇಳಿದವರಿಗೆ ಏನು ಬೇಕೋ ಅದು ಕೇಳಿಸಿತು. ಸಿಸ್ಟರ್ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀವು ನನಗಿಂತ ಡೇಂಜರ್ ಅದೀರಿ ಮೇಡಂ" ಎಂದರು. ಆ ಮಾತನ್ನು ನಾನು ಇವತ್ತಿಗೂ ಖುಷಿಯಿಂದ ನೆನೆಯುತ್ತೇನೆ.

ಭಾಯಿಯ ಮೇಜಿನ ಮೇಲೆ ಡಬ್ಬಿಗಳು ಸಾಲುಗಟ್ಟಿದವು. "ಕುರುಗೋಡಿನ ಗಂಟಲೆಲ್ಲಾ ನನ್ನ ಮುಂದ ಕುಂತೈತಿ, ಉಪವಾಸ ಇದ್ದೋನಿಗಿ ಇದು ಸಜಾ" ಎಂದು ಗೊಣಗುತ್ತಲೇ ಒಂದೂ ಬಿಡದೆ ನೋಡಿದ. ಹೆಚ್ಚಿನವರದು ಬರಿಯ ಧೂಳಿನ ಕೆಮ್ಮೇ. ಆದರೆ ಕೆಲವರದು ಆಗಿರಲಿಲ್ಲ. ಅವರಲ್ಲಿ ಟೀ ಅಂಗಡಿಯವನೂ ಒಬ್ಬ. ಅವರನ್ನು ಒಬ್ಬೊಬ್ಬರನ್ನಾಗಿ ಒಳಗೆ ಕರೆದು ಕಾಯಿಲೆಯ ಹೆಸರನ್ನು ಸರಿಯಾಗಿ ಹೇಳುವುದು ನನ್ನ ಪಾಲಿಗೆ ಬಂತು. ನಾನು ಹೇಳುತ್ತಿದ್ದೆ, ಸಿಸ್ಟರ್ ಬೆನ್ನು ಸವರುತ್ತಿದ್ದರು, ಭಾಯಿ ಹೊರಗೆ ಉಳಿದವರಿಗೆ ಏನಾದರೂ ಕಥೆ ಹೇಳಿ ತಡೆಯುತ್ತಿದ್ದ. ಮೂವರಲ್ಲಿ ಒಬ್ಬರು ರಜೆ ಹಾಕಿದ ದಿನ ಮಿಕ್ಕ ಇಬ್ಬರಿಗೆ ಕೈ ಕಟ್ಟಿದ ಹಾಗಾಗುತ್ತಿತ್ತು. ಚರ್ಮರೋಗದ ಪುಸ್ತಕ ನನ್ನ ಚೀಲದಲ್ಲೇ ಬಸ್ಸಿನಲ್ಲಿ ಹೋಗಿ ಬರುತ್ತಿತ್ತು.

ಆಮೇಲೆ ತೆಕ್ಕಲಕೋಟೆಯಲ್ಲೊಂದು ಮದುವೆ ಬಂತು. ಲಾರಿಯಿಂದ ದುಡ್ಡು ಮಾಡಿದವರ ಮನೆ. ಬೀಗರಿಗೆ ಬಿಸಿ ಮಿರ್ಚಿಯೇ ಆಗಬೇಕೆಂದು ಮಿರ್ಚಿಯಕ್ಕನನ್ನು ಕಾರು ಕಳಿಸಿ ಕರೆಸಿಕೊಂಡರು. ನಾನು ಗುಳಿಗೆಗಳನ್ನು ಕಾಗದದಲ್ಲಿ ಕಟ್ಟಿಕೊಟ್ಟು ಯಾವ ದಿನ ಯಾವುದು ಎಂದು ಹೇಳಿದೆ. ಅವಳು ತಲೆಯಾಡಿಸಿದಳು. ಮರಳಿ ಬಂದ ಸಂಜೆ ನಾವು ಮೂವರೂ ಬಂಡಿಯ ಮುಂದೆ ನಿಂತೆವು. ನಾನು ಕಟ್ಟಿಕೊಟ್ಟಿದ್ದ ಗುಳಿಗೆಯ ಪೊಟ್ಟಣವನ್ನು ಅವಳು ಹಾಗೇ ನನ್ನ ಕೈಗಿಟ್ಟು, ದುಡ್ಡು ಬೇಡವೆಂದು ಮೂರು ಮಿರ್ಚಿಯನ್ನೂ ಕೊಟ್ಟಳು.

"ಮುಗೀತು ಯವ್ವಾ," ಎಂದು ಪಿಸುಗುಟ್ಟಿದಳು. "ಮದಿವಿ ಗದ್ದಲದಾಗ ನುಂಗಾಕ ಆಗ್ಲಿಲ್ಲ. ನೋಡತೀನಿ, ನೀರಿನಂಗ ತಿಳಿ! ಧೂಳೆಲ್ಲಾ ಖಾಲಿ. ಇನ್ನ ಯಾಕ ನುಂಗ್ಲಿ?"

ಇನ್ನೂ ಕೆಲವು ವಾರಗಳ ಗುಳಿಗೆ ಉಳಿದಿತ್ತು. ಅವಳ ಲೆಕ್ಕದಲ್ಲಿ ತಪ್ಪೇ ಇರಲಿಲ್ಲ: ಕೆಂಪು ನಿಂತಿತು, ಅಂದರೆ ಧೂಳು ಮುಗಿಯಿತು. ಗುಳಿಗೆ ಬಿಟ್ಟದ್ದಕ್ಕೇ ಕೆಂಪು ನಿಂತಿತು ಎಂದು ಅಲ್ಲಿ, ಗಿರಾಕಿಗಳ ನಡುವೆ, ನಾನು ಹೇಗೆ ಹೇಳಲಿ? ಹೇಳಿದರೂ ಮೊದಲ ಸಲದಂತೆಯೇ ನಗುತ್ತಾಳೆ.

ಆಸ್ಪತ್ರೆಗೆ ಮರಳಿ ಮೂವರೂ ಕೂತೆವು. "ಹೇಳಿದ್ರ ನಂಬಂಗಿಲ್ಲ, ತೋರಿಸ್ಬೇಕು" ಎಂದ ಭಾಯಿ. ಅವಧಿ ಮೀರಿ ಪಕ್ಕಕ್ಕೆ ತೆಗೆದಿಟ್ಟಿದ್ದ ಪಟ್ಟಿಯಿಂದ ಒಂದು ಕ್ಯಾಪ್ಸೂಲ್ ಬಿಡಿಸಿ ಗಾಜಿನ ಲೋಟದ ನೀರಿಗೆ ಪುಡಿ ಉದುರಿಸಿ ಕಲಕಿದ. ನೀರು ಕಾವಿ ಕದಡಿದಂತೆ ಕೆಂಪಾಯಿತು. ಆದರೆ ಇದನ್ನು ಬಂಡಿಯ ಮುಂದೆ ತೋರಿಸುವಂತಿಲ್ಲ, ಅವಳು ಇನ್ನು ಆಸ್ಪತ್ರೆಗೆ ಬರುವುದಿಲ್ಲ, ಅವಳ ಮನೆಗೆ ನಾವು ಹೋಗುವಂತಿಲ್ಲ.

"ಹೋಗಬೋದು," ಎಂದರು ಸಿಸ್ಟರ್ ನಿಧಾನವಾಗಿ. "ಮಿರ್ಚಿ ಆರ್ಡರ್ ಕೊಡಾಕ ಯಾರ ಬೇಕಾದ್ರೂ ಹೋಗತಾರ. ಮೇಡಂದು ನಿಶ್ಚಿತಾರ್ಥ ಐತಿ ಅನ್ನಾಣ."

"ಯಾರದು?" ಎಂದೆ.

"ನಂದಂದ್ರ ಮಂದಿ ನಂಬತಾರೇನ್ರಿ? ಮೂರು ಮಕ್ಕಳ ತಾಯಿ ನಾನು."

ನನ್ನ ಬಗ್ಗೆ ಒಂದು ಮಾತು ಹೊರಗೆ ಹೋಗುವುದೆಂದರೆ ನನಗೆ ಬರಿಗಾಲಲ್ಲಿ ಮಾರ್ಕೆಟ್ಟಿಗೆ ಹೋದಷ್ಟು ಸಂಕಟ. ಕಾಲೇಜಿನಲ್ಲಿ ಹುಟ್ಟಿದ ದಿನವನ್ನೂ ಯಾರಿಗೂ ಹೇಳಿದವಳಲ್ಲ. ಆದರೆ ಮಿರ್ಚಿಯಕ್ಕ ಕಾಪಾಡಿಕೊಳ್ಳುತ್ತಿದ್ದುದೂ ಅದನ್ನೇ ತಾನೆ? ಅವಳಿಗೆ ಅದರ ಮೇಲೆ ಅನ್ನ ನಿಂತಿತ್ತು. ನನಗೆ ಬರೀ ನಾಚಿಕೆ.

ಮರುದಿನ ಮಧ್ಯಾಹ್ನ ಸಿಸ್ಟರ್ ಬಿಳಿ ಸೀರೆ ಬದಲಿಸಿ ಜರಿಯಂಚಿನದು ಉಟ್ಟುಕೊಂಡರು. ಓಣಿಗೆ ಕಾಲಿಡುತ್ತಲೇ ಕಟ್ಟೆಯ ಮೇಲೆ ಕೂತಿದ್ದ ಹೆಂಗಸರು ಸುತ್ತುಗಟ್ಟಿದರು. ನಾನು ಗಂಟಲು ಸರಿಮಾಡಿಕೊಂಡು ನಾನೇ ಹೇಳಿದೆ: "ನನ್ನ ನಿಶ್ಚಿತಾರ್ಥ ಐತ್ರಿ. ಮಿರ್ಚಿಗಿ ಹೇಳಾಕ ಬಂದೀವಿ."

"ಹುಡುಗ ಏನ್ ಮಾಡತಾನವ್ವ?"

"ಇಂಜಿನಿಯರ್."

"ಎಲ್ಲಿ?"

ಊರ ಹೆಸರೊಂದನ್ನು ನಾನು ಯೋಚಿಸಿಟ್ಟುಕೊಂಡಿರಲಿಲ್ಲ. ಬೆಳಿಗ್ಗೆ ಬಸ್ಸಿನಲ್ಲಿ ಯಾರೋ ಮಾತಾಡಿದ್ದು ಬಾಯಿಗೆ ಬಂತು. "ಕುಡತಿನಿ. ಕರೆಂಟ್ ಮಾಡೋ ಕಡಿಗಿ."

"ಹಂಗಾರ ನಿಮ್ಮ ಮನ್ಯಾಗ ಕರೆಂಟ್ ಹೋಗಂಗಿಲ್ಲ ಬಿಡು!" ಎಂದಳೊಬ್ಬಳು. ಸಿಸ್ಟರ್ ಅವರನ್ನೆಲ್ಲ ಕಟ್ಟೆಯ ಮೇಲೇ ಕೂರಿಸಿಕೊಂಡು ಹುಡುಗನ ಎತ್ತರ, ಬಣ್ಣ, ಅತ್ತೆಯ ಸ್ವಭಾವವನ್ನು ವರ್ಣಿಸತೊಡಗಿದರು. ನಾನು ಒಳಗೆ ಹೋದೆ.

ಮಿರ್ಚಿಯಕ್ಕ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ನಾನು ಅವಳದೇ ಗಾಜಿನ ಲೋಟದಲ್ಲಿ ನೀರು ತೆಗೆದುಕೊಂಡು ಕ್ಯಾಪ್ಸೂಲ್ ಬಿಡಿಸಿ ಸುರಿದೆ. ಅವಳು ಜರಡಿ ಕೆಳಗಿಟ್ಟಳು. ಲೋಟವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಹಂಗಾರ ನನ್ನ ಧೂಳು ಎಲ್ಲಿ ಹೋತು?"

"ಎಲ್ಲೂ ಹೋಗಿಲ್ಲಕ್ಕ. ಗುಳಿಗಿ ತೆಗಿಯಾದು ರೋಗ, ಧೂಳಲ್ಲ. ಬಣ್ಣ ನಿಂತೈತಿ ಯಾಕಂದ್ರ ನೀ ನುಂಗಾದು ನಿಲ್ಸೀದಿ."

"ಅಯ್ಯ, ಊರಿಗೆಲ್ಲಾ ಹೇಳಿಕೊಂಡು ತಿರುಗ್ಯಾಡೀನಲ್ಲೇ!" ಕಾಯಿಲೆಗಿಂತ ಇದೇ ಅವಳಿಗೆ ದೊಡ್ಡ ಪೆಟ್ಟಾದಂತಿತ್ತು. ಆಮೇಲೆ ಹೊರಗಿನ ಗದ್ದಲದ ಕಡೆ ಕಿವಿ ಕೊಟ್ಟಳು. "ಸಿಸ್ಟರಮ್ಮಗೂ ಗೊತ್ತಿತ್ತು, ನಕ್ಕೋತ ಸುಮ್ನಿದ್ಲು. ನೀನೊಬ್ಬಾಕಿ ಅವತ್ತ ಖರೇ ಹೇಳಿದ್ದಿ." ನನ್ನ ಮುಖವನ್ನೇ ನೋಡಿದಳು. "ಈ ಕುಡತಿನಿ ಹುಡುಗ ಖರೇನಾ?"

"ಸುಳ್ಳು."

ಅವಳು ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡು ನಕ್ಕಳು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಕೆಮ್ಮು ಬರಲಿಲ್ಲ. ನಾನು ಅದನ್ನು ಗಮನಿಸಿದೆ.

ಆವತ್ತಿನ ಗುಳಿಗೆ ನುಂಗಿದಳು. "ಉಳಿದದ್ದೂ ನುಂಗತೀನಿ. ಆದ್ರ ನೀ ಬರಬೇಕು. ನೀ ಇಲ್ಲಂದ್ರ ನಾ ಇಲ್ಲ."

ನನ್ನ ಕುರುಗೋಡಿನ ಪಾಳಿ ಆ ವಾರವೇ ಮುಗಿಯುವುದಿತ್ತು. ಅದರ ನಂತರದ್ದು ನಾವೇ ಆರಿಸಿಕೊಳ್ಳುವ ಅವಧಿ. ಚರ್ಮರೋಗ ವಿಭಾಗಕ್ಕೆ ನಾನು ಎಲ್ಲರಿಗಿಂತ ಮೊದಲೇ ಹೆಸರು ಕೊಟ್ಟಿದ್ದೆ. ಕೆಂಪು ನೀರನ್ನು ಬಚ್ಚಲಿಗೆ ಚೆಲ್ಲಿ, ಲೋಟ ತೊಳೆದಿಟ್ಟು ಬಂದೆ.

ಸಂಜೆ ಮನೆಗೆ ಹೋದಾಗ ಅಮ್ಮ ಬಾಗಿಲಲ್ಲೇ ನಿಂತಿದ್ದರು. ನಮ್ಮ ಬೀದಿಗೆ ಹೂವು ತರುವವಳ ತಂಗಿಯನ್ನು ಕುರುಗೋಡಿಗೆ ಕೊಟ್ಟಿರುವ ವಿಷಯ ನನಗೆ ಗೊತ್ತಿರಲಿಲ್ಲ. ಸುದ್ದಿ ನನಗಿಂತ ಮೊದಲಿನ ಬಸ್ಸಿಗೇ ಬಂದಿತ್ತು.

"ಕುಡತಿನಿ ಹುಡುಗ ಅಂತಲ್ಲ?"

"ಸುಳ್ಳು ಸುದ್ದಿ ಅಮ್ಮ."

"ಯಾರು ಹಬ್ಬಿಸಿದ್ದು?"

"ನಾನೇ."

ಅಮ್ಮ ಅಲ್ಲೇ ಕುರ್ಚಿಯ ಮೇಲೆ ಕೂತರು. ಯಾಕೆ ಎಂದು ಕೇಳಿದರು; ಹೇಳುವಂತಿಲ್ಲ ಎಂದೆ. ಮಿರ್ಚಿಯಕ್ಕನ ಗುಟ್ಟು ಉಳಿಯಬೇಕಾದರೆ ಇಂಜಿನಿಯರನೂ ಸ್ವಲ್ಪ ದಿನ ಉಳಿಯಬೇಕಿತ್ತು. ಪೇಪರಿನ ಹಿಂದಿನಿಂದ ಅಪ್ಪ ಒಂದೇ ಪ್ರಶ್ನೆ ಕೇಳಿದರು: "ಕೆಲಸ ಪರ್ಮನೆಂಟಾ?"

ಮರುದಿನ ಬೆಳಿಗ್ಗೆ ಕಾಲೇಜಿನ ಕಚೇರಿ ತೆರೆಯುವ ಮೊದಲೇ ಹೋಗಿ ಬಾಗಿಲಲ್ಲಿ ನಿಂತೆ. ಚರ್ಮರೋಗ ವಿಭಾಗದಿಂದ ನನ್ನ ಹೆಸರು ತೆಗೆಸಿ, ಆ ಅವಧಿಗೂ ಕುರುಗೋಡು ಎಂದು ಬರೆಸಿದೆ. ಗುಮಾಸ್ತರು ಕನ್ನಡಕದ ಮೇಲಿಂದ ನೋಡಿ, ಯಾರೂ ಕೇಳಿ ಹೋಗದ ಜಾಗಕ್ಕೆ ಹೋಗಲು ಕಾರಣವೇನು ಎಂದರು. ಸ್ವಂತ ಕಾರಣ ಎಂದೆ. ಅವರು ಹಾಗೇ ಬರೆದುಕೊಂಡರು. ಅಲ್ಲಿಂದ ಬಸ್ ನಿಲ್ದಾಣಕ್ಕೆ ನಡೆದು, ಭಾಯಿ ಹಿಡಿದಿಟ್ಟಿದ್ದ ಸೀಟಿನಲ್ಲಿ ಕೂತು, ಕುರುಗೋಡಿಗೆ ಟಿಕೆಟ್ ತೆಗೆದುಕೊಂಡೆ.